ಷಡ್ಡಕನ ಹೊಸ ಫೋನು, ನನ್ನ ವಿಮರ್ಶೆ

ಹೊಸ ಫೋನೊಂದು ಬಿಡುಗಡೆಯಾದ ವಾರ ನನ್ನ ಸುತ್ತಮುತ್ತ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಯಲಹಂಕ ಹಳೇ ಟೌನಿನಲ್ಲಿ ನನ್ನದು ಮೊಬೈಲ್ ಕವರು, ಸ್ಕ್ರೀನ್ ಗಾರ್ಡಿನ ಅಂಗಡಿ. ಫೋನ್ ಕೊಂಡವರು ಗಾರ್ಡ್ ಹಾಕಿಸಿಕೊಂಡು ತೆಪ್ಪಗೆ ಹೋಗ್ತಾರೆ. ಕೊಳ್ಳದವರು ನಿಂತು ಅದರ ತಪ್ಪು ಎಣಿಸ್ತಾರೆ. ಈ ಸಲ ಆ ಎರಡನೇ ಗುಂಪಿಗೆ ನಾನೂ ಸೇರಿದ್ದೆ. ಯಾಕಂದ್ರೆ ಅಲ್ಲಾಳಸಂದ್ರದಲ್ಲಿರೋ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಮೊದಲ ದಿನವೇ ಅದನ್ನು ತಗೊಂಡುಬಿಟ್ಟಿದ್ದರು. ಇಷ್ಟು ವರ್ಷದಿಂದ ಮೊಬೈಲಿನಲ್ಲೇ ಅನ್ನ ಕಾಣ್ತಿರೋನು ನಾನು. ಅವರಿರೋದು ಪೈಪ್ ಫ್ಯಾಕ್ಟರಿಯಲ್ಲಿ. ಹೊಟ್ಟೆ ಉರಿಯದೇ ಇರುತ್ತಾ?

ಬಿಸಿಯಾಗುವ ದೋಷ

ನನ್ನ ಪಕ್ಕದ ಅಂಗಡಿ ಬೇಕರಿ. ಅದರ ಮಾಲೀಕ ಇಡೀ ದಿನ ಫೋನ್ ವಿಮರ್ಶೆಯ ವಿಡಿಯೋ ನೋಡೋನು. ಅವನ ಕೈಯಲ್ಲಿರೋ ಫೋನು ಮಾತ್ರ ಗಾಜು ಒಡೆದು ಜೇಡರಬಲೆ ಆಗಿದೆ.

“ಗುರು, ಆ ಹೊಸ ಫೋನು ಭಾರೀ ಬಿಸಿಯಾಗುತ್ತಂತೆ ಕಣೋ. ಜೇಬಲ್ಲಿಟ್ರೆ ತೊಡೆ ಸುಡುತ್ತಂತೆ” ಅಂತ ಅವನು ಹೇಳಿದ್ದು ನನಗೆ ಎಳನೀರು ಕುಡಿದಷ್ಟು ತಂಪಾಯ್ತು.

ಅಷ್ಟರಲ್ಲಿ ಅದೇ ಫೋನ್ ಹಿಡಿದು ಒಬ್ಬ ಹುಡುಗಿ ಗಾರ್ಡ್ ಹಾಕಿಸೋಕೆ ಬಂದಳು. ಬೇಕರಿಯವನು ಅದನ್ನು ಈಸಿಕೊಂಡ. ಅಂಗೈಲಿಟ್ಟ, ಕೆನ್ನೆಗಿಟ್ಟ, ಹಣೆಗೂ ಇಟ್ಟ. ತಣ್ಣಗಿತ್ತು. ಮುಖ ಸಪ್ಪೆ ಮಾಡಿಕೊಂಡು, “ಒಂದ್ನಿಮಿಷ ಮೇಡಂ, ನಮ್ಮನೆಯವಳಿಗೆ ತೋರಿಸಿ ತರ್ತೀನಿ” ಅಂತ ಬೇಕರಿಯೊಳಕ್ಕೆ ಹೋದ.

ಐದು ನಿಮಿಷ ಬಿಟ್ಟು ಗೆದ್ದವನ ಹಾಗೆ ಓಡಿ ಬಂದ. “ಮುಟ್ಟಿ ನೋಡಿ! ಬಿಸಿಯಾಗಿದೆಯೋ ಇಲ್ವೋ? ನಾನು ಹೇಳ್ಲಿಲ್ವಾ?”

ಹುಡುಗಿ ಫೋನನ್ನು ತಿರುಗಿಸಿ ನೋಡಿದಳು, ಮೂಸಿಯೂ ನೋಡಿದಳು. “ಬಿಸಿ ಆಗಿದೆ ಅಂಕಲ್, ಒಪ್ಕೋತೀನಿ. ಬೆಣ್ಣೆ ಬಿಸ್ಕತ್ತಿನ ಪುಡಿನೂ ಕಂಪನಿಯವರೇ ಅಂಟಿಸಿದ್ದಾ?”

ಕ್ಯಾಮೆರಾ ದೋಷ

ಭಾನುವಾರ ಷಡ್ಡಕರ ಮನೆಯಲ್ಲಿ ಊಟ. ಊಟ ನೆಪ ಅಷ್ಟೆ. ಫೋನ್ ತೋರಿಸೋದೇ ಕಾರ್ಯಕ್ರಮ. ಅಕ್ಕತಂಗಿಯರನ್ನು ಬಾಲ್ಕನಿಯಲ್ಲಿ ನಿಲ್ಲಿಸಿ, ಹಿಂದೆ ಕೆರೆ ಬರೋ ಹಾಗೆ ಷಡ್ಡಕರು ಫೋಟೋ ಹೊಡೆದರು. ಕೆರೆಯಲ್ಲಿದ್ದ ಕೊಕ್ಕರೆಯ ಕಾಲು ಕೂಡ ಬೇರೆಬೇರೆಯಾಗಿ ಕಾಣ್ತಿತ್ತು. ನನಗೆ ಗಂಟಲಲ್ಲಿ ಹೋಳಿಗೆ ಇಳಿಯಲಿಲ್ಲ.

ನನ್ನ ಹೆಂಡತಿ ಮಾತ್ರ ಕೊಕ್ಕರೆ ನೋಡಲಿಲ್ಲ. ತನ್ನ ಮುಖವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, “ಕ್ಯಾಮೆರಾ ಅಷ್ಟೇನೂ ಚೆನ್ನಾಗಿಲ್ಲ ಕಣಕ್ಕ. ಇದ್ದಿದ್ದೆಲ್ಲಾ ಹಾಗ್‌ಹಾಗೇ ತೋರಿಸುತ್ತೆ. ನಮ್ಮನೆಯವರ ಹಳೇ ಫೋನಲ್ಲಿ ನಾನು ಎಷ್ಟು ಚೆನ್ನಾಗಿ ಬರ್ತೀನಿ ಗೊತ್ತಾ?” ಅಂದಳು.

ನನ್ನ ಫೋನನ್ನು ಹೊಗಳಿದ್ದಕ್ಕೆ ಹಿಗ್ಗಿ ಹೋಗಿ, ಯೋಚನೆ ಮಾಡದೆ ವಿವರಿಸಿಬಿಟ್ಟೆ. “ಅದರ ಲೆನ್ಸ್ ಪೂರ್ತಿ ಗೀರು ಬಿದ್ದಿದೆ ಕಣೆ. ಏನೂ ಕಾಣ್ಸಲ್ಲ, ಅದಕ್ಕೇ ಚೆನ್ನಾಗಿ ಬರ್ತೀಯ.”

ವಾಪಸ್ ಬರುವಾಗ ಅವಳು ಸ್ಕೂಟರಿನಲ್ಲಿ ನನ್ನ ಹೆಗಲ ಮೇಲೆ ಕೈ ಇಡಲಿಲ್ಲ.

ತೆಳುವಾಗಿರುವ ದೋಷ

ಅದೇ ಊಟಕ್ಕೆ ಚಿಕ್ಕಬಾಣಾವರದಿಂದ ನಮ್ಮಿಬ್ಬರ ಅತ್ತೆಯೂ ಬಂದಿದ್ದರು. ಹಳೇ ಕಾಲದವರು. ಷಡ್ಡಕರು ಅವರ ಕೈಗೆ ಫೋನಿಟ್ಟು, “ನೋಡಿ ಅತ್ತೆ, ಎಷ್ಟು ತೆಳ್ಳಗೆ, ಎಷ್ಟು ಹಗುರ!” ಅಂದರು.

ಅತ್ತೆ ಅಂಗೈಲಿ ತೂಗಿ ನೋಡಿ ಗಾಬರಿಯಾದರು. “ಇಂಗ್ಯಾಕಪ್ಪಾ ಐತೆ? ಅಂಗಡಿಯೋನು ಒಳಗಡೆ ಏನೂ ಆಕದೇ ಕೊಟ್ಬುಟ್ಟವ್ನಾ ಏನು? ಓಗಿ ಕೇಳು!”

ಆ ದಿನ ನಾನು ಎರಡನೇ ಹೋಳಿಗೆ ಹಾಕಿಸಿಕೊಂಡದ್ದು ಆಮೇಲೆ.

ಟಚ್ ಪರೀಕ್ಷೆ

ಆ ವಾರವೆಲ್ಲ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಾನು ಬಿಡುವಿಲ್ಲದೆ ಬರೆದೆ. ಬ್ಯಾಟರಿ ನಿಲ್ಲಲ್ಲವಂತೆ. ಕ್ಯಾಮೆರಾ ಉಬ್ಬಿರೋದಕ್ಕೆ ಟೇಬಲ್ ಮೇಲಿಟ್ಟರೆ ಫೋನು ಅಲ್ಲಾಡುತ್ತಂತೆ. ನಾನು ಏನು ಹಾಕಿದರೂ ಒಂದೇ ಉತ್ತರ: ನಗುವ ಮುಖ, ಬೆಂಕಿಯ ಚಿತ್ರ. ಹೆಂಡತಿಯ ಚಿಕ್ಕಪ್ಪ ಅಂತೂ ಬಾಯಿಬಿಟ್ಟೇ ಹೇಳಿದರು: “ಅಳಿಯಂದಿರೇ, ಸ್ವಲ್ಪ ಮಜ್ಜಿಗೆ ಕುಡೀರಿ.”

ಶನಿವಾರ ಷಡ್ಡಕರೇ ಅಂಗಡಿಗೆ ಬಂದರು. “ಗಾರ್ಡ್ ಹಾಕಯ್ಯ. ಲಾಕ್ ತೆಗೆದಿದ್ದೀನಿ, ಟಚ್ ಸರಿಯಿದೆಯಾ ಚೆಕ್ ಮಾಡಿಡು. ಸಂತೆ ಬೀದಿಗೆ ಹೋಗ್ಬರ್ತೀನಿ” ಅಂತ ಕೊಟ್ಟು ಹೋದರು.

ಹೊಟ್ಟೆಕಿಚ್ಚೇನೇ ಇರಲಿ, ಗಾರ್ಡ್ ಚೆನ್ನಾಗಿ ಹಾಕಿದೆ. ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಗುಳ್ಳೆ ನಿಂತಿತ್ತು. ಟಚ್ ನೋಡೋಕೆ ಏನಾದರೂ ಟೈಪ್ ಮಾಡಬೇಕಲ್ಲ? ತೆರೆದಿದ್ದು ಫ್ಯಾಮಿಲಿ ಗ್ರೂಪೇ. ಆಮೇಲೆ ಅಳಿಸೋಣ ಅಂತ, ಮನಸ್ಸಿನಲ್ಲಿ ಇದ್ದದ್ದನ್ನೇ ಕುಟ್ಟಿದೆ: “ಈ ಫೋನಲ್ಲಿ ಅಂಥಾದ್ದೇನಿಲ್ಲ. ಸುಮ್ನೆ ಶೋಕಿ. ಇದನ್ನ ತಗೊಂಡೋನು ಶುದ್ಧ ಪೆದ್ದ.” ಟಚ್ ಬೆಣ್ಣೆ ಥರ ಇತ್ತು, ಅದಕ್ಕೂ ಉರಿಯಿತು. ಆಮೇಲೆ ಬಟ್ಟೆ ತಗೊಂಡು ಮೂಲೆಯ ಗುಳ್ಳೆ ಒತ್ತಿದೆ. ಗುಳ್ಳೆ ಹೋಯ್ತು. ಮೆಸೇಜೂ ಹೋಯ್ತು. ಷಡ್ಡಕರ ಹೆಸರಲ್ಲಿ, ಇಡೀ ಬಳಗಕ್ಕೆ.

ಅಳಿಸೋ ಜಾಗ ಹುಡುಕುವಷ್ಟರಲ್ಲಿ ಉತ್ತರಗಳು ಬರೋಕೆ ಶುರುವಾದವು.

“ಎಂಥಾ ಸರಳ ಮನುಷ್ಯ!”

“ಅಷ್ಟು ಒಳ್ಳೇ ಫೋನ್ ಇಟ್ಕೊಂಡೂ ಒಂಚೂರು ಜಂಬ ಇಲ್ಲ.”

ಮಜ್ಜಿಗೆ ಕುಡಿಯೋಕೆ ಹೇಳಿದ ಚಿಕ್ಕಪ್ಪ ಎರಡು ಕೈ ಮುಗಿದ ಚಿತ್ರ ಹಾಕಿದ್ದರು. ಕೊನೆಗೆ ನನ್ನ ಸ್ವಂತ ಹೆಂಡತಿ: “ನಮ್ಮನೆಯವರು ನಿಮ್ಮನ್ನ ನೋಡಿ ಕಲೀಬೇಕು ಭಾವ.”

ವಾರವಿಡೀ ನಾನು ಹೇಳಿದ್ದೂ ಇದನ್ನೇ. ನಾನು ಹೇಳಿದರೆ ಹೊಟ್ಟೆಕಿಚ್ಚು, ಅವರು ಹೇಳಿದರೆ ದೊಡ್ಡಗುಣ!

ಷಡ್ಡಕರು ವಾಪಸ್ ಬಂದರು. ಫೋನ್ ಕೈಗೆ ಕೊಟ್ಟು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಮೇಲಿಂದ ಕೆಳಗಿನವರೆಗೆ ಓದಿದರು, ಮತ್ತೆ ಓದಿದರು.

“ಇದನ್ನ ಬರೆದೋನು ನೀನೇನಾ?”

“ಟಚ್ ಚೆಕ್ ಮಾಡ್ತಿದ್ದೆ ಭಾವ...”

ಅವರು ಅತ್ತಿತ್ತ ನೋಡಿ, ಸ್ಟೂಲ್ ಎಳೆದುಕೊಂಡು ನನ್ನ ಹತ್ತಿರ ಕೂತರು. ಫೋನನ್ನು ಮತ್ತೆ ನನ್ನ ಕೈಗಿಟ್ಟರು.

“ಇನ್ನೊಂದೆರಡು ಸಾಲು ಚೆಕ್ ಮಾಡಯ್ಯ. ಮದುವೆಯಾದಾಗಿಂದ ಈ ಮನೆಯವರು ನನ್ನ ಇಷ್ಟು ಹೊಗಳಿರಲಿಲ್ಲ.”