ಬಸುರಿಯ ಗಂಡ ನೋಡಬಾರದ ಪಿಕ್ಚರ್

"ಬಸುರಿ ಹೆಂಗಸಿನ ಗಂಡ ತೆಂಗಿನಕಾಯಿ ಸೈತ ಒಡೀಬಾರ್ದು. ಅಂಥಾದ್ರಾಗ ಮಗನ್ನ ಕಡಿಯೂದು ಕಣ್ತುಂಬ ನೋಡಿ ಬರ್ತೇನಿ ಅಂತಾನ ಈ ಪುಣ್ಯಾತ್ಮ," ಎಂದಳು ಸಿದ್ದಕ್ಕ. ನಳದ ಕೆಳಗೆ ಅವಳ ಕೊಡ ತುಂಬಿ ಹೊರಚೆಲ್ಲುತ್ತಿತ್ತು. ಅದನ್ನು ಸರಿಸಿದರೆ ಮಾತು ಮುಗಿದಂತಾಗುತ್ತದಲ್ಲ, ಹಾಗಾಗಿ ಸರಿಸಲಿಲ್ಲ.

ಶೇಖಪ್ಪ ಹಾಗೆ ಅಂದೇ ಇರಲಿಲ್ಲ. ಇದ್ದಿಲಿನಿಂದ ಹಲ್ಲುಜ್ಜುತ್ತಾ, "ಆ ಪಿಕ್ಚರ್ ಇವತ್ತ ಕಡೀ ಆಟ ಅಂತಲ್ಲ," ಎಂದು ಗಾಳಿಗೆ ಹೇಳಿದ್ದ, ಅಷ್ಟೆ. ಆದರೆ ದಾಂಡೇಲಿಯ ಅಂಬೇವಾಡಿಯಲ್ಲಿ, ಗೋಡೆಗೆ ಗೋಡೆ ತಾಗಿದ ಆ ಚಾಳಿನಲ್ಲಿ ಗಾಳಿಗೆ ಹೇಳಿದ ಮಾತು ಮೊದಲು ನೆರೆಮನೆಯ ಸಿದ್ದಕ್ಕನ ಕಿವಿ ಹೊಕ್ಕು, ಅಲ್ಲಿಂದ ಅವನ ಅತ್ತೆ ಮಾಲವ್ವನ ಕಿವಿ ಹೊಕ್ಕು, ಆಮೇಲೆಯೇ ಮುಂದಿನ ದಾರಿ ಹಿಡಿಯುತ್ತಿತ್ತು.

ಮಾಲವ್ವ ಮಗಳ ಬಾಣಂತನಕ್ಕೆಂದು ಕುಂದಗೋಳದ ಕಡೆಯಿಂದ ಬಂದವಳು. ಬಾಣಂತನಕ್ಕೆ ಇನ್ನೂ ಸಾಕಷ್ಟು ದಿನವಿತ್ತು. ಅಲ್ಲಿಯವರೆಗೆ ಕೈಗೆ ಕೆಲಸ ಬೇಕಲ್ಲ, ಅಳಿಯನನ್ನು ಹಿಡಿದುಕೊಂಡಿದ್ದಳು.

"ಅಳಿಯಾರು ಹಂಗ ಮಾಡೂದಿಲ್ಲೇಳ ಸಿದ್ದಕ್ಕ," ಎಂದಳು ಮಾಲವ್ವ, ಅಳಿಯನ ಕಡೆ ನೋಡದೆಯೇ. "ಮಾಡಿದ್ರ ನಾ ಇದೀನಲ್ಲ."

ಮಾರುಕಟ್ಟೆಯ ಆಚೆಯ ಬಯಲಿನಲ್ಲಿ ತಂಬು ಹೊಡೆದಿದ್ದ ಟೂರಿಂಗ್ ಟಾಕೀಸಿನವರು ದಾಂಡೇಲಿಯ ನೆಮ್ಮದಿ ಕೆಡಿಸಿ ವಾರವಾಗಿತ್ತು. ಅವರ ಪಿಕ್ಚರಿನಲ್ಲಿ ಶಿವನು ಜಂಗಮನ ವೇಷದಲ್ಲಿ ಬಂದು ಊಟಕ್ಕೆ ಮಗನನ್ನೇ ಕೇಳುವುದು, ತಾಯಿತಂದೆ ಕಣ್ಣೆದುರಿಗೇ ಮಗನನ್ನು ಕಡಿದು ಬಡಿಸುವುದು, ಕಡೆಗೆ ಶಿವನು ಮೆಚ್ಚಿ ಮಗುವನ್ನು ಎಬ್ಬಿಸುವುದು. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕೇಳುವುದು ಬೇರೆ, ಪರದೆಯ ಮೇಲೆ ಕೆಂಪಗೆ ಹರಿಯುವುದನ್ನು ನೋಡುವುದು ಬೇರೆ. ಹುಬ್ಬಳ್ಳಿಯಲ್ಲಿ ಹೆಂಗಸೊಬ್ಬಳು ಮೂರ್ಛೆ ಹೋದಳಂತೆ. ಒಬ್ಬ ಸ್ವಾಮಿಗಳು ನೋಡಿದರೆ ಪಾಪ ಎಂದರಂತೆ, ಇನ್ನೊಬ್ಬರು ನೋಡದಿದ್ದರೆ ಪಾಪ ಎಂದರಂತೆ. ದಾಂಡೇಲಿಯ ಜನ ಎರಡೂ ಪಾಪದ ನಡುವೆ ಸಿಕ್ಕು, ತಂಬಿನ ಹೊರಗೆ ನಿಂತು ಶೇಂಗಾ ತಿಂದು ಮನೆಗೆ ಹೋಗುತ್ತಿದ್ದರು.

ಶೇಖಪ್ಪನ ಪಾಡು ಎಲ್ಲರಿಗಿಂತ ಇಕ್ಕಟ್ಟಿನದು. ಹೆಂಡತಿ ಸುಶೀಲವ್ವ ಬಸುರೆಂದು ತಿಳಿದ ದಿನವೇ ಮಾಲವ್ವ ಬಂದು ಕಟ್ಟಳೆಗಳ ಗಂಟು ಬಿಚ್ಚಿದ್ದಳು. ಬಸುರಿಯ ಗಂಡ ಕಡಿಯಬಾರದು, ಹೆಣ ಹೊರಬಾರದು, ಕ್ಷೌರ ಮಾಡಿಸಿಕೊಳ್ಳಬಾರದು. ಪಾಪ, ಅವನು ಕಾಗದದ ಕಾರ್ಖಾನೆಯಲ್ಲಿ ಇದ್ದದ್ದೇ ಕಾಗದ ಕತ್ತರಿಸುವ ಖಾತೆಯಲ್ಲಿ. ಅತ್ತೆಯ ಕಾಟಕ್ಕೆ ಸಾಹೇಬರ ಕಾಲು ಹಿಡಿದು ಬಿದಿರು ಹೊರುವ ಕೆಲಸಕ್ಕೆ ಹೋಗಿದ್ದ. ಗಡ್ಡವಂತೂ ಎದೆಗಿಳಿದು, ಅದರೊಳಗೆ ಬಿದಿರಿನ ಚೂರುಗಳು ಗುಬ್ಬಿಗೂಡಿನ ಹುಲ್ಲಿನಂತೆ ಸಿಕ್ಕಿಕೊಂಡಿರುತ್ತಿದ್ದವು.

ಇಷ್ಟೇ ಆಗಿದ್ದರೆ ಅವನು ಪಿಕ್ಚರಿನ ಆಸೆ ಬಿಡುತ್ತಿದ್ದ. ಆದರೆ ಆಸೆ ಅವನದಾಗಿರಲಿಲ್ಲ.

"ಹುಣಸಿಕಾಯಿ ಸಾಕಾತು, ಮಾವಿನಕಾಯಿ ಸಾಕಾತು," ಎಂದು ಸುಶೀಲವ್ವ ಒಳಗೆ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. "ನನಗ ಒಂದ ತಿಳೀಬೇಕು ನೋಡ್ರಿ. ಮಗನ್ನ ಕಡಿಯೂ ಮುಂದ ಆ ತಾಯಿ ಅತ್ತಳೋ, ನಕ್ಕಳೋ? ಬಳಿಗಾರ ನಕ್ಕಳು ಅಂತಾನ, ಹಾಲಿನಾಕಿ ಅತ್ತಳು ಅಂತಾಳ. ನನಗ ನಿದ್ದಿ ಹತ್ತವಲ್ದು."

"ಅತ್ತಿರಬೇಕ ತಗೋ."

"ಇರಬೇಕ ಅಲ್ಲ. ನೋಡಿ ಬಂದ ಹೇಳ್ರಿ. ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ. ಆಮ್ಯಾಲ ಜೀವನಪೂರ್ತಿ ಅಪ್ಪಾ ಅಂತ ಕರೆದ್ರ ಕೇಳೂದಿಲ್ಲ ಅದಕ್ಕ, ನನಗೇನ."

ನೋಡಿದರೆ ಕೂಸಿಗೆ ದೋಷ, ನೋಡದಿದ್ದರೆ ಕೂಸಿನ ಕಿವಿ. ಶೇಖಪ್ಪ ಇಡೀ ಹಗಲು ಬಿದಿರು ಹೊತ್ತನಾದರೂ ಹೆಗಲಿಗಿಂತ ತಲೆಯೇ ಹೆಚ್ಚು ನೋಯಿತು. ಜೊತೆಗಾರ ದ್ಯಾಮಪ್ಪ ಸಂಗತಿ ಕೇಳಿ, "ಇದಕ್ಯಾಕ ಇಷ್ಟ ಚಿಂತಿ ಮಾಡ್ತೀಲೇ?" ಎಂದು ತನ್ನ ಹೊದಿಕೆಯನ್ನು ತೆಗೆದುಕೊಟ್ಟ. "ತಲಿಮ್ಯಾಲ ಹೊತಗೊಂಡ ಹೋಗು. ಬರೇ ಆ ಕಡಿಯೂದಷ್ಟ ನೋಡಿ ಬಾ. ನಿಮ್ಮತ್ತಿಗೆ ಓವರ್‌ಟೈಮ್ ಅಂತ ನಾ ಹೇಳ್ತೇನಿ."

ಹೊದಿಕೆ ಮೂಲತಃ ಬಿಳಿಯದು. ಬಣ್ಣದ ಕಾಗದ ಮಾಡಿದ ದಿನ ಕಾರ್ಖಾನೆಯಲ್ಲಿ ಅದರ ಮೇಲೆ ಬಣ್ಣ ಚೆಲ್ಲಿ, ಅಂಚಿನಿಂದ ಅಂಚಿಗೆ ಕಾವಿಯಾಗಿ ಕೂತಿತ್ತು. ಅವಸರದಲ್ಲಿದ್ದ ಶೇಖಪ್ಪನಿಗೆ ಅದು ಬರೀ ಹೊದಿಕೆಯಾಗಿ ಕಂಡಿತು.

ತಂಬಿನ ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದವನು ಪೆದ್ರು. ಹಗಲು ನಾಟಾ ಡಿಪೋದಲ್ಲಿ ಮರ ಉರುಳಿಸುವವನು. ಅವನಿಗೆ ಕಂಡದ್ದು ಶೇಖಪ್ಪನ ಎದೆಗಿಳಿದ ಗಡ್ಡ, ತಲೆಯ ಮೇಲೆ ಕಾವಿ, ಅಂಗಾಲಿನವರೆಗೆ ಧೂಳು. ದೇವರ ಪಿಕ್ಚರೆಂದು ಶೇಖಪ್ಪ ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬಂದಿದ್ದ. ಪೆದ್ರು ಸರಕ್ಕನೆ ದಾರಿ ಬಿಟ್ಟು, "ಸಾಧು ಮಹಾರಾಜರಿಗೆ ಟಿಕೀಟ್ ಬ್ಯಾಡ್ರಿ, ಬರ್ರಿ," ಎಂದು ಕೈಮುಗಿದ.

ಅಲ್ಲ ಎನ್ನಬೇಕೆಂದು ಶೇಖಪ್ಪ ಬಾಯಿ ತೆರೆದ. ಅಷ್ಟರಲ್ಲಿ ತಂಬಿನ ಮಾಲೀಕ ಕರಿಬಸಪ್ಪ ಓಡಿಬಂದ. ಖಾಲಿ ತಂಬು ನೋಡಿ ನೋಡಿ ಸೊರಗಿದ್ದ ಅವನಿಗೆ ಈ ಗಡ್ಡ ಮಳೆಮೋಡದಂತೆ ಕಂಡಿತು.

"ಬುದ್ದೇರ, ಸ್ವಾಮಿಗಳು ನೀವ ಬಂದ ಮ್ಯಾಲ ಇನ್ನ ಯಾರ ಏನಂತಾರ?" ಎಂದವನೇ ಕೈಹಿಡಿದು ಕರೆದೊಯ್ದು, ಎಲ್ಲರಿಗಿಂತ ಮುಂದೆ, ಇಡೀ ತಂಬಿನಲ್ಲಿದ್ದ ಒಂದೇ ಒಂದು ಕುರ್ಚಿಯ ಮೇಲೆ ಕೂರಿಸಿದ. ಮರುಕ್ಷಣವೇ ಧ್ವನಿವರ್ಧಕ ಕೆಮ್ಮಿ, ಅಂಬೇವಾಡಿಗೆಲ್ಲ ಕೇಳುವಂತೆ ಕೂಗಿತು: "ಸ್ವಾಮಿಗಳು ಚಿತ್ರಮಂದಿರಕ್ಕೆ ದಯಮಾಡಿಸಿದ್ದಾರೆ. ತಾಯಂದಿರು ದರ್ಶನ ಪಡೆಯಬೇಕು."

ಶೇಖಪ್ಪನಿಗೆ ಕುರ್ಚಿಯ ಕೆಳಗೆ ಹೊಕ್ಕುಬಿಡೋಣ ಅನ್ನಿಸಿತು. ಆದರೆ ದೀಪ ಆರಿತು, ಪರದೆಯ ಮೇಲೆ ಶಿವ ಕಾಣಿಸಿದ. ಇರಲಿ, ಆ ತಾಯಿಯ ಮುಖವೊಂದನ್ನು ನೋಡಿ ಓಡಿಬಿಡುವುದು ಎಂದು ಹೊದಿಕೆಯನ್ನು ಹುಬ್ಬಿನವರೆಗೆ ಎಳೆದುಕೊಂಡ.

ಜನ ಬಂದರು, ಜನವೆಂದರೆ ಜನ. ಸ್ವಾಮಿಗಳೇ ನೋಡುತ್ತಿರುವಾಗ ಇನ್ನೆಲ್ಲಿಯ ಪಾಪ? ಗಂಡಸರ ಕಡೆ ತುಂಬಿತು, ಹೆಂಗಸರ ಕಡೆ ತುಂಬಿತು, ಎರಡರ ನಡುವೆ ಕಟ್ಟಿದ್ದ ಬಟ್ಟೆ ಹರಿಯಿತು. ಪರದೆಯ ಮೇಲೆ ಜಂಗಮ ಬಂದು ಊಟಕ್ಕೆ ಕೂತ. ತಂದೆ ಕತ್ತಿ ಮಸೆಯತೊಡಗಿದ. ತಾಯಿ ಮಗನ ತಲೆ ಬಾಚಲು ಕುಳಿತಳು. ಶೇಖಪ್ಪ ಮುಂದಕ್ಕೆ ಬಾಗಿದ.

ಅದೇ ಹೊತ್ತಿಗೆ ಹೆಂಗಸೊಬ್ಬಳು ಪರದೆಗೆ ಬೆನ್ನು ಮಾಡಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಬಂದು, ಅವನ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದಳು. ಮಾಲವ್ವ. ಹಿಂದೆ ಸಿದ್ದಕ್ಕ ಜನರ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದಳು.

ಅವಳ ಕೈ ಎಡಗಾಲಿನ ಬೆರಳುಗಳ ಮೇಲೆ ಒಮ್ಮೆ ಆಡಿತು. ಆಮೇಲೆ ಎದ್ದು ಅವನ ಮುಖದೆದುರು ಗೋಡೆಯ ಹಾಗೆ ನಿಂತಳು.

"ನಾ ಪಿಕ್ಚರ್ ನೋಡಾಕ ಬಂದಾಕಿ ಅಲ್ರೀ ಬುದ್ದೇರ. ಒಂದ ಮಾತ ಕೇಳೂದೈತಿ. ನನಗೊಬ್ಬ ಅಳಿಯ ಅದಾನ. ಮನಿಶ್ಯಾ ಬಂಗಾರದಂಥಾವ, ಬುದ್ಧಿ ಅಷ್ಟ ತಗಡು."

"ಶಿವ ಶಿವ," ಎಂದ ಶೇಖಪ್ಪ, ದನಿಯನ್ನು ಹೊಟ್ಟೆಯೊಳಗಿಂದ ತೆಗೆದು. ಎಡಕ್ಕೆ ವಾಲಿದ. ಮಾಲವ್ವ ಎಡಕ್ಕೆ ಸರಿದಳು.

"ಅವಗ ಈ ಪಿಕ್ಚರ್ ನೋಡೂ ಚಟಾ ಹತ್ತೇತಿ. ಹೆಂಡತಿ ಬಸರಿ. ನೋಡಬಹುದೇನ್ರಿ?"

"ನೋಡಲಿ ತಾಯಿ. ದೋಷವಿಲ್ಲ." ಬಲಕ್ಕೆ ವಾಲಿದ. ಮಾಲವ್ವನೂ ಬಲಕ್ಕೆ.

"ಗಡ್ಡ ಬ್ಯಾರೆ ಬಾಳ ಬೆಳದೈತ್ರಿ, ಥೇಟ್ ನಿಮ್ಮಂಗ."

"ತೆಗೆಸಲಿ. ದೋಷವಿಲ್ಲ." ಅವಳ ಸೊಂಟದ ಸಂದಿಯಲ್ಲಿ ಪರದೆಯ ಒಂದು ಚೂರು ಕಂಡಿತು. ಅದರಲ್ಲಿ ಕತ್ತಿಯ ತುದಿ ಮೇಲೇಳುತ್ತಿತ್ತು. ಮಾಲವ್ವ ಸೊಂಟದ ಮೇಲೆ ಕೈ ಇಟ್ಟಳು, ಅಷ್ಟೂ ಮುಚ್ಚಿತು.

"ಕಡೀ ಮಾತ ಒಂದ ಐತ್ರಿ. ನಾ ಮಗಳ ಮನಿಯಾಗ ಇರಲೋ, ಊರಿಗೆ ಹೋಗಲೋ?"

ಮನುಷ್ಯನಿಗೆ ಕುರ್ಚಿ ಸಿಕ್ಕರೆ ಬುದ್ಧಿ ಹೋಗುವುದು ಇಂಥ ಕಡೆಯೇ. ಶೇಖಪ್ಪ ಕೈಯೆತ್ತಿ, "ನಾಳೆ ಮುಂಜಾನೆಯೇ ಹೋಗುವುದು ಶ್ರೇಯಸ್ಕರ," ಎಂದ.

ತಂಬಿನ ತುಂಬ ಒಮ್ಮೆಲೇ 'ಹೋ' ಎಂದು ಅಳು ಎದ್ದಿತು, ಹಿಂದೆಯೇ ಚಪ್ಪಾಳೆ. ಮಾಲವ್ವ ಪಕ್ಕಕ್ಕೆ ಸರಿದಾಗ ಮಗು ಎದ್ದು ನಗುತ್ತ ಶಿವನ ತೊಡೆಯ ಮೇಲೆ ಕೂತಿತ್ತು.

ಶೇಖಪ್ಪ ಮನೆ ಸೇರಿದಾಗ ಮಾಲವ್ವ ಆಗಲೇ ರೊಟ್ಟಿ ಬಡಿಯುತ್ತಿದ್ದಳು. "ಓವರ್‌ಟೈಮ್ ಮುಗೀತ್ರಿ ಅತ್ತಿ," ಎಂದ, ಗೋಡೆಗೆ ಹೇಳುವವನಂತೆ.

"ಮುಗದಿರಬೇಕು. ನಾನೂ ಸ್ವಾಮೇರ ದರ್ಶನಕ್ಕ ಹೋಗಿದ್ನಿ," ಎಂದಳು ಮಾಲವ್ವ, ರೊಟ್ಟಿ ತಿರುವಿ ಹಾಕುತ್ತ. "ಪರದೆ ಮ್ಯಾಲ ಶಿವಾ ಜಂಗಮನ ವೇಷ ಹಾಕಿದ್ದ, ಪರದೆ ಮುಂದ ನನ್ನ ಅಳಿಯ ಹಾಕಿದ್ದ."

ಶೇಖಪ್ಪ ಹೊದಿಕೆಯನ್ನು ಬೆನ್ನ ಹಿಂದೆ ಸರಿಸಿದ.

"ತಲಿಗೆ ಹೊದಿಕಿ ಮುಚ್ಚಿದ್ರಿ, ಪಾದಕ್ಕ? ಮದವ್ಯಾಗ ತಾಮ್ರದ ಪರಾತದಾಗ ಇಟ್ಟ ಈ ಕೈಯಿಂದ ತೊಳದೇನಿ ನಾನು. ಎಡಗಾಲಿನ ಕಿರಿಬಟ್ಟ ಪಕ್ಕದ ಬೆರಳಿನ ಮ್ಯಾಲ ಹತ್ತಿ ಕೂತಿರತೈತಿ, ಜಗತ್ತಿನ್ಯಾಗ ಒಂದ ಅಂಥಾದ್ದು. ಕೈಗೆ ಸಿಕ್ಕ ಕೂಡಲೆ ಗೊತ್ತಾತು. ಕೂಗಿದ್ರ ನಮ್ಮ ಮಾನಾನ ಹೋಗತಿತ್ತು. ಅದಕ್ಕ ಕಡಿಯೂದು ಮುಗಿಯೂತನಕ ಅಡ್ಡ ನಿಂತ್ನಿ."

"ಅಂದ್ರ, ನೀವು ನೋಡಲೇ ಇಲ್ಲಾ?" ಎಂದಳು ಸುಶೀಲವ್ವ ಗಂಡನಿಗೆ. ಅವನು ತಲೆಯಾಡಿಸಿದ. "ಅವ್ವಾ, ನೀ?"

"ನನ್ನ ಬೆನ್ನು ಪರದೆ ಕಡೆ ಇತ್ತಲ್ಲವಾ."

ಸುಶೀಲವ್ವ ಮಲಗಿದ್ದಲ್ಲಿಂದಲೇ ಗೋಡೆ ಬಡಿದಳು. "ಸಿದ್ದಕ್ಕಾ, ನೀನರ ನೋಡಿದೆಲ್ಲ. ತಾಯಿ ಅತ್ತಳೋ, ನಕ್ಕಳೋ?"

"ಯವ್ವಾ, ನಾ ಕಣ್ಣ ಗಟ್ಯಾಗಿ ಮುಚಗೊಂಡಿದ್ನಿ," ಎಂದಿತು ಗೋಡೆ. "ನನ್ನ ಸುತ್ತ ಕೂತಾವ್ರೂ ಮುಚಗೊಂಡಿದ್ರು."

"ಕೂಸಿನ ಕಿವಿ ಸೋರಲಿ, ಆವಾಗ ಹೇಳ್ತೇನಿ ಇಬ್ಬರಿಗೂ," ಎಂದು ಸುಶೀಲವ್ವ ಗೋಡೆಯ ಕಡೆ ಹೊರಳಿದಳು.

"ಅತ್ತಿ, ಅಲ್ಲಿ ನಾ ಅಂದದ್ದು..." ಎಂದು ಶೇಖಪ್ಪ ಶುರುಮಾಡಿದ.

"ಶ್ರೇಯಸ್ಕರ," ಎಂದಳು ಮಾಲವ್ವ, ಅವನ ತಟ್ಟೆಗೆ ಸುಟ್ಟುಹೋದ ರೊಟ್ಟಿಯನ್ನೇ ಹಾಕುತ್ತ. "ಕೂಸು ಹುಟ್ಟಿ, ನಡದು, ನನ್ನ ಕೈಹಿಡದ ಬಸ್ ಸ್ಟ್ಯಾಂಡಿಗೆ ಕರಕೊಂಡ ಹೋಗೂತನಕ ನಾ ಇಲ್ಲೇ. ಗಡ್ಡಾನೂ ಅಲ್ಲೀತನಕ."

ಮರುದಿನ ಮುಂಜಾನೆ ಶೇಖಪ್ಪ ನಳದ ಹತ್ತಿರ ಕೊಡ ಹಿಡಿದು ನಿಂತಿದ್ದಾಗ ತಂಬು ಹೇರಿದ ಎತ್ತಿನ ಚಕ್ಕಡಿಗಳು ಹಳಿಯಾಳದ ರಸ್ತೆ ಹಿಡಿದು ಹೊರಟವು. ಡಿಪೋದ ಕೆಲಸ ಬಿಟ್ಟು ಅವರ ಜೊತೆ ಹೊರಟು ಕಡೆಯ ಚಕ್ಕಡಿಯ ಮೇಲೆ ಕೂತಿದ್ದ ಪೆದ್ರು ಅವನ ಗಡ್ಡ ಕಂಡವನೇ ಎದ್ದುನಿಂತು ಕೈಮುಗಿದ. ಅವನ ಹಿಂದಿನ ಹಲಗೆಯ ಮೇಲೆ, ಕತ್ತಿಯ ಚಿತ್ರದ ಕೆಳಗೆ, ಹಸಿ ಬಣ್ಣದಲ್ಲಿ ಹೊಸದಾಗಿ ಬರೆದಿತ್ತು: 'ಬಸುರಿಯರ ಗಂಡಂದಿರೂ ನೋಡಬಹುದು. ದಾಂಡೇಲಿ ಸ್ವಾಮಿಗಳ ಅಪ್ಪಣೆ.'