ನೇಲ್ ಪಾಲಿಶ್ ಹಚ್ಚಿದ ಟರ್ಬೊ

ಮಸ್ಕತ್ತಿನಲ್ಲಿ ನಾನು ಹೆದರುವುದು ಎರಡಕ್ಕೇ: ಜುಲೈ ತಿಂಗಳ ಮಧ್ಯಾಹ್ನಕ್ಕೆ ಮತ್ತು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದ ನಮ್ಮ ವೈನಿಗೆ. ಮಧ್ಯಾಹ್ನದಿಂದಾದರೂ ಎಸಿ ಹಾಕಿಕೊಂಡು ತಪ್ಪಿಸಿಕೊಳ್ಳಬಹುದು. ವೈನಿ ಬಂದರೆ ಮೊದಲು ಬಿಚ್ಚುವುದೇ ಎಸಿಯನ್ನು!

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಹೆಸರು ಬರೆಯುವ ಧೈರ್ಯ ನನಗಿಲ್ಲ. ಗದಗಿನಲ್ಲಿ ಅವರ ಅಪ್ಪನಿಗೆ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ಓರಗೆಯ ಹುಡುಗಿಯರು ರಂಗೋಲಿ ಕಲಿಯುತ್ತಿದ್ದಾಗ ಇವರು ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆಯುತ್ತಿದ್ದರಂತೆ. ಕೆಟ್ಟು ನಿಂತದ್ದನ್ನು ಕಂಡೂ ಸುಮ್ಮನೆ ಮುಂದೆ ಹೋಗುವುದು ಅವರಿಂದ ಆಗದು. ಒಮ್ಮೆ ದಾರ್ಸೈಟ್ ಬಡಾವಣೆಯಲ್ಲಿ ಪರಿಚಯದವರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ವೈನಿ ನಾಪತ್ತೆ. ಹುಡುಕಿದರೆ ಅಡುಗೆಮನೆಯಲ್ಲಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಎಕ್ಸಾಸ್ಟ್ ಫ್ಯಾನು ಬಿಚ್ಚುತ್ತಿದ್ದಾರೆ. ಆ ಕೂಸಿಗೆ ಏನು ಹೆಸರಿಟ್ಟರೆಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಫ್ಯಾನು ಮಾತ್ರ ಇನ್ನೂ ತಿರುಗುತ್ತಿದೆ.

ಕಚ್ಚಾ ಎಣ್ಣೆಯ ಬೆಲೆ ಬಿದ್ದುಹೋದ ವರ್ಷಗಳವು. ಅಣ್ಣ ಮರುಭೂಮಿಯ ಎಣ್ಣೆ ಸೈಟಿನಲ್ಲಿ ಟೆಕ್ನಿಶಿಯನ್. ಎರಡು ವಾರ ಅಲ್ಲಿ, ಎರಡು ವಾರ ಮಸ್ಕತ್ತಿನ ಅಲ್ ಖುವೈರಿನ ಮನೆಯಲ್ಲಿ ನಮ್ಮ ಜೊತೆ. ಅವನ ಕಂಪನಿ ಮೊದಲು ಊಟದಲ್ಲಿ ಕೋಳಿ ಕಡಿಮೆ ಮಾಡಿತು, ಆಮೇಲೆ ಸೈಟಿಗೆ ಹೋಗುವ ಬಸ್ಸು ನಿಲ್ಲಿಸಿತು, ಕೊನೆಗೆ ಮನುಷ್ಯರನ್ನೇ ಕಡಿಮೆ ಮಾಡತೊಡಗಿತು. ಡ್ಯೂಟಿಗೆ ಒಂದು ದಿನ ತಡವಾದರೂ ಸಾಕು, ಕೆಲಸ ಕಳೆದುಕೊಳ್ಳುವವರ ಪಟ್ಟಿಯಲ್ಲಿ ಹೆಸರು! ಬಸ್ಸಿಲ್ಲದ ಮೇಲೆ ಗತಿಯೇನು? ನನ್ನ ಕಾರು ನನಗೆ ದಿನಾ ಆಫೀಸಿಗೆ ಬೇಕು. ದೇಶ ಬಿಟ್ಟು ಹೊರಟಿದ್ದ ಒಬ್ಬರಿಂದ ಅಣ್ಣ ಒಂದು ಹಳೆಯ ಟರ್ಬೊ ಕಾರು ಕೊಂಡ. ಕೊಂಡ ಮರುದಿನವೇ ಬೌಶರಿನ ಏರಿನಲ್ಲಿ ಅದರ ಉಸಿರು ನಿಂತಂತಾಯಿತು. ತುಂಬಿದ ನೀರಿನ ಟ್ಯಾಂಕರು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಯಿತು. ಮುಂದಿನ ಭಾನುವಾರ ಅಣ್ಣ ಸೈಟಿನಲ್ಲಿರಬೇಕು. ಉಳಿದದ್ದು ಎಂಟು ದಿನ.

ವೈನಿ ಬಾನೆಟ್ ಎತ್ತಿದರು. ಪೈಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ, "ಇದನ್ನ ಯಾವ ಪುಣ್ಯಾತ್ಮ ರಿಪೇರಿ ಮಾಡ್ಯಾನ?" ಅಂದರು.

ಟರ್ಬೊ ಅಂದರೇನೆಂದು ನಾನು ಕೇಳಿದೆ. "ಒಲಿಗೆ ಊದುಗೊಳವಿ ಹಿಡಿದಂಗ. ಇಂಜಿನ್ನಿಗೆ ಗಾಳಿ ಊದತೈತಿ. ಗೊಳವಿ ತೂತು ಬಿತ್ತಂದ್ರ ಒಲಿ ಹೆಂಗ ಉರೀಬೇಕು?" ಎಂದರು. ಇಷ್ಟು ವರ್ಷ ಇಂಜಿನಿಯರುಗಳ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ, ಒಬ್ಬರೂ ನನಗೆ ಹೀಗೆ ತಿಳಿಯುವಂತೆ ಹೇಳಿರಲಿಲ್ಲ.

ಪುಣ್ಯಾತ್ಮನ ಸಾಹಸಗಳು ಒಂದೊಂದಾಗಿ ಹೊರಬಿದ್ದವು. ಸೀಳಿದ ಗಾಳಿ ಪೈಪಿಗೆ ಸೈಕಲ್ ಟ್ಯೂಬು ಸುತ್ತಿದ್ದ. ಸಣ್ಣ ಪೈಪೊಂದರ ಬಾಯಿಗೆ ಬಾಲ್‌ಪೆನ್ನಿನ ಕ್ಯಾಪು ತುರುಕಿದ್ದ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಕೆಂಪು ದೀಪ ಉರಿಯುತ್ತಿದ್ದುದಕ್ಕೆ ಅವನು ಕಂಡುಕೊಂಡ ಪರಿಹಾರ, ಅದರ ಮೇಲೊಂದು ಕರೀ ಟೇಪು! ಮತ್ತೊಂದು ಪೈಪಿನಿಂದ ಎಳೆದಷ್ಟೂ ಬಟ್ಟೆ ಬಂತು. ಕೊನೆಗೆ ನೋಡಿದರೆ ಇಡೀ ಒಂದು ಬನಿಯನ್. ವೈನಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಳತೆ ನೋಡಿ, "ಆಳು ದಪ್ಪ ಅದಾನ" ಎಂದು ಪಕ್ಕಕ್ಕಿಟ್ಟರು.

ಹೊಸ ಪೈಪಿಗಾಗಿ ವಾದಿ ಕಬೀರಿಗೆ ಹೋದೆವು. ಬಿಡಿಭಾಗಗಳ ಅಂಗಡಿಯವರು ಮಂಗಳೂರು ಕಡೆಯ ಬ್ಯಾರಿ.

"ಇದನ್ನು ಕೂರಿಸುವುದು ಯಾರು ಅಕ್ಕ?"

"ನಾನ."

"ಮನೆಯಲ್ಲಿ ಗಂಡಸರು ಇಲ್ವಾ?"

"ಅದಾರ. ಒಬ್ಬರು ಮನ್ಯಾಗ ಬದನಿಕಾಯಿ ಎಣಗಾಯಿ ಮಾಡಾಕತ್ತಾರ. ಇನ್ನೊಬ್ಬಾಂವ ಇಲ್ಲೇ ಚೀಲ ಹಿಡ್ಕೊಂಡು ನಿಂತಾನ."

ಅವರು ನನ್ನನ್ನೂ ಚೀಲವನ್ನೂ ನೋಡಿದರು. "ಆ ಗಾಡಿ ನನಗೆ ಗೊತ್ತುಂಟು. ನಾಲ್ಕು ಗ್ಯಾರೇಜಿನವರು ಕೈಬಿಟ್ಟದ್ದು. ಖಲಾಸ್ ಅದು."

"ಗುರುವಾರ ಸಂಜೀಕ ಮುಗಸ್ತೀನಿ. ಭಾನುವಾರ ನಮ್ಮನಿಯವರು ಅದರಾಗ ಡ್ಯೂಟಿಗೆ ಹೋಗಬೇಕು," ಎಂದರು ವೈನಿ.

ಮುಗಿಸಿದರು! ಐದು ದಿನ ಪಾರ್ಕಿಂಗಿನ ನೆಲದಲ್ಲಿ ಚಾಪೆ ಹಾಸಿ, ಕಾರಿನ ಕೆಳಗೆ ಮಲಗಿ, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳದೆ ದುಡಿದರು. ಬಿಗಿದ ಪ್ರತಿ ಸ್ಕ್ರೂವಿನ ತಲೆಯಿಂದ ಪೈಪು ಹಿಡಿದಿಡುವ ಕ್ಲಿಪ್ಪಿನ ಮೇಲಕ್ಕೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದರು. ಸ್ಕ್ರೂ ಅಲುಗಿದರೆ ಗೆರೆ ತುಂಡಾಗಿ ಗೊತ್ತಾಗುತ್ತದಂತೆ. ಈ ಹೆಂಗಸು ತಮ್ಮ ಉಗುರಿಗೆ ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಗುರುವಾರ ಸಂಜೆ ಕಾರು ಬೌಶರಿನ ಏರನ್ನು ಒಂದೇ ಓಟದಲ್ಲಿ ಹತ್ತಿತು. ನಾನು ಹಿಂದಿನ ಸೀಟಿನಲ್ಲಿ ಕೂತು ಮನಸ್ಸಿನಲ್ಲೇ ಕೈ ಮುಗಿದೆ. ಓಡಿಸುತ್ತಿದ್ದ ಅಣ್ಣ ಯಾಕೋ ಮೇಲೆ ಮುಟ್ಟಿದ ಕೂಡಲೇ ಗಾಡಿ ತಿರುಗಿಸಿಬಿಟ್ಟ.

ಶುಕ್ರವಾರ ಬೆಳಿಗ್ಗೆ ಅಣ್ಣ ಕೆಳಗೆ ಹೋಗಿ ಬಂದು, "ಮತ್ತ ಜೀವ ಇಲ್ಲ ಅದಕ್ಕ" ಎಂದ. ವೈನಿ ಇಳಿದು ನೋಡಿದರೆ ದೊಡ್ಡ ಪೈಪಿನ ಕ್ಲಿಪ್ಪು ಸಡಿಲ. ಗೆರೆ ಅಳಿಸಿ, ಬಿಗಿದು, ಹೊಸ ಗೆರೆ ಎಳೆದರು. ಶನಿವಾರ ಬೆಳಿಗ್ಗೆ ಮತ್ತೆ ಅದೇ ಕಥೆ. ಈ ಸಲ ನಾನು ಟಾರ್ಚು ಹಿಡಿದಿದ್ದೆ. ಗೆರೆ ಎರಡು ತುಂಡಾಗಿತ್ತು.

"ಇದು ಅದರಷ್ಟಕ್ಕ ಸಡ್ಲ ಆಗಿಲ್ಲ. ಯಾರೋ ಮೂರು ಸುತ್ತು ತಿರುವ್ಯಾರ," ಎಂದರು. ಕಾರಿನ ಕೀಲಿ ಇದ್ದದ್ದು ಒಬ್ಬನ ಹತ್ತಿರ.

ಮೇಲೆ ಹೋದಾಗ ಅಣ್ಣ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ವೈನಿ ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದರು. "ಕಂಪನಿ ಪಟ್ಟಿಯೊಳಗ ನಿಮ್ಮ ಹೆಸರು ಯಾವಾಗ ಬಂತ್ರೀ?"

ಅವನು ತಿರುಗಲಿಲ್ಲ. "ಮಂಗಳವಾರ," ಅಂದ. ಇನ್ನೊಂದು ಉಳ್ಳಾಗಡ್ಡಿ ಎತ್ತಿಕೊಂಡು, "ಗಾಡಿ ರಿಪೇರಿ ಆತಂದ್ರ ನಾಳೆ ನಾ ಎಲ್ಲಿಗೆ ಹೋಗಲಿ?" ಅಂದ.

ವೈನಿ ಅವನ ಕೈಯಿಂದ ಚಾಕು ತೆಗೆದುಕೊಂಡು ತಾವೇ ಉಳ್ಳಾಗಡ್ಡಿ ಹೆಚ್ಚಿದರು.

ಊಟವಾದ ಮೇಲೆ, ಮಿಕ್ಕ ಪೈಪೊಂದನ್ನು ಹಿಂದಿರುಗಿಸಲು ನನ್ನ ಕಾರಿನಲ್ಲಿ ಮೂವರೂ ವಾದಿ ಕಬೀರಿಗೆ ಹೋದೆವು. ಅಂಗಡಿಯವರು ಕಂಡ ಕೂಡಲೇ ಕೇಳಿದರು. "ಎಂತ ಅಕ್ಕ, ಗುರುವಾರ ಕಳೀತಲ್ಲ. ಅಣ್ಣ ಡ್ಯೂಟಿಗೆ ಹೋಗ್ಲಿಕ್ಕೆ ಗಾಡಿ ಆಯ್ತಾ?"

ಅಣ್ಣ ನೆಲ ನೋಡಿದ.

"ಇಲ್ಲರಿ," ಎಂದರು ವೈನಿ. "ನೀವು ಹೇಳಿದ್ದ ಖರೇ. ನನ್ನ ಕೈಲೆ ಆಗಲಿಲ್ಲ."

ಯಾವ ಯಂತ್ರದ ಮುಂದೂ ಈ ಮಾತು ಆಡಿದವರಲ್ಲ ಅವರು. ಅಂಗಡಿಯವರಿಗೂ ಪಾಪ ಅನ್ನಿಸಿರಬೇಕು. "ಬೇಜಾರು ಮಾಡ್ಬೇಡಿ ಅಕ್ಕ, ಅದು ಹೆಂಗಸರ ಕೆಲಸ ಅಲ್ಲ," ಎಂದರು. ವೈನಿ ಅದಕ್ಕೂ ಹೌದೆಂದು ತಲೆಯಾಡಿಸಿದರು. ಗಂಡನ ಮರ್ಯಾದೆ ಉಳಿಸಲು ತಮ್ಮ ಕೈಯ ವಿದ್ಯೆಯನ್ನೇ ಬಿಟ್ಟುಕೊಡುತ್ತಿದ್ದರು.

ಅಷ್ಟರಲ್ಲಿ ಅಣ್ಣ ತಲೆ ಎತ್ತಿದ.

"ಸುಳ್ಳು ಹೇಳಾಕತ್ತಾಳ್ರಿ ಅಕಿ. ಗಾಡಿ ಗುರುವಾರನ ಆಗೇತಿ. ಬೌಶರ್ ಏರು ಕುದುರಿಗತೆ ಹತ್ತೈತಿ. ಇಂಥಾ ಕೈ ಈ ಮಸ್ಕತ್ತಿನ್ಯಾಗ ಯಾವ ಗಂಡಸಿಗೂ ಇಲ್ಲ." ಕೈಯಲ್ಲಿದ್ದ ಪೈಪನ್ನು ಮೇಜಿನ ಮೇಲಿಟ್ಟ. "ಹೋಗಿದ್ದು ನನ್ನ ನೌಕರಿ."

ಅಂಗಡಿಯವರು ಎದ್ದು ತಮ್ಮ ಕುರ್ಚಿಯನ್ನು ಎಳೆದು ಕೊಟ್ಟರು. ಅದರಲ್ಲಿ ಕೂತವರು ವೈನಿ. ಅವರು ಅತ್ತದ್ದನ್ನು ನಾನು ಮೊದಲ ಸಲ ಕಂಡೆ. ಅಣ್ಣ ಅವರ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದ.