ಮೂರು ಬಾಟ್ಲಿ, ಮೂರು ದಾರ

ಲಕ್ಷ್ಮೇಶ್ವರದಲ್ಲಿ ಮೂರು ಗಾಲಿಯ ಟಂಟಂ ಓಡಿಸುವ ಗುಡುಸಾಬನ ತಲೆ ಕೆಟ್ಟಿದ್ದು ಇಪ್ಪತ್ತು ಪೈಸೆಯಿಂದ. ಊರಿನ ಪಂಪಿಗಿಂತ ಶಿರಹಟ್ಟಿಯಲ್ಲಿ ಡೀಸೆಲ್ ಲೀಟರಿಗೆ ಇಪ್ಪತ್ತು ಪೈಸೆ ಕಡಿಮೆ, ಮುಂಡರಗಿಯಲ್ಲಿ ಹತ್ತು ಪೈಸೆ ಹೆಚ್ಚು. ಕಡಿಮೆ ರೇಟಿನದು ಲಾಭವೋ, ಹೆಚ್ಚಿನದು ಒಳ್ಳೆಯ ಮಾಲೋ? ಸ್ಟ್ಯಾಂಡಿನಲ್ಲಿ ಕೇಳಿದರೆ ಒಬ್ಬೊಬ್ಬನೂ ತನ್ನ ಪಂಪಿನ ಪರವಾಗಿ ಆಣೆ ಹಾಕುತ್ತಿದ್ದ.

ಬೇರೆ ದಿನವಾಗಿದ್ದರೆ ಗುಡುಸಾಬ ಚಹಾ ಕುಡಿದು ಸುಮ್ಮನಾಗುತ್ತಿದ್ದ. ಆದರೆ ಬೆಟಗೇರಿಯ ನೇಕಾರ ನಾರಾಯಣಪ್ಪ ವಾರಕ್ಕೊಮ್ಮೆ ಸೀರೆ ಗಂಟುಗಳನ್ನು ಮುಂಡರಗಿಗೆ ಒಯ್ಯಲು ಕಾಯಂ ಗಾಡಿ ಹುಡುಕುತ್ತಿದ್ದ. "ಟಂಟಂ ಕಳಕಪ್ಪ ಒಂದ್ ಸಲಕ್ಕ ಆರನೂರು ಹೇಳ್ಯಾನ. ನೀ ಸೋಮವಾರ ಸಂಜಿ ಐದರೊಳಗ ಬಂದು ನಿನ್ನ ಬಾಡಿಗಿ ಹೇಳು. ಒಮ್ಮಿ ಹೇಳಿದ ಮ್ಯಾಲ ಒಂದ್ ವರ್ಷ ಬದಲಿಲ್ಲ ನೋಡು" ಎಂದಿದ್ದ. ಹನ್ನೊಂದು ವರ್ಷ "ಗದಗ, ಗದಗ" ಎಂದು ಕೂಗಿ ಗಂಟಲು ಹರಿದುಕೊಂಡಿದ್ದ ಗುಡುಸಾಬನಿಗೆ ಆ ಕೆಲಸ ಬೇಕೇ ಬೇಕಿತ್ತು. ಕಳಕಪ್ಪನಿಗಿಂತ ಕಡಿಮೆ ಹೇಳಬೇಕಾದರೆ ಕಡಿಮೆ ಡೀಸೆಲ್ಲಿನಲ್ಲಿ ಹೆಚ್ಚು ಓಡಬೇಕು.

ಅದಕ್ಕೇ ಅವನು ಮೂರು ಊರಿನ ಪಂಪುಗಳಿಂದ ಅರ್ಧರ್ಧ ಲೀಟರ್ ತಂದು ಮೂರು ಶರಬತ್ತಿನ ಬಾಟ್ಲಿಗಳಲ್ಲಿ ಇಟ್ಟಿದ್ದ. ಲಕ್ಷ್ಮೇಶ್ವರದ್ದಕ್ಕೆ ಕೆಂಪು ದಾರ, ಶಿರಹಟ್ಟಿಯದಕ್ಕೆ ಹಸಿರು, ಮುಂಡರಗಿಯದಕ್ಕೆ ಹಳದಿ. ಸೋಮವಾರ ಮಧ್ಯಾಹ್ನ, ಯಾವುದು ಹೆಚ್ಚು ಓಡುತ್ತದೆಂದು ನೋಡಲು ಡೀಸೆಲ್ ಟಾಕಿಯ ಪೈಪು ಕಿತ್ತು, ಸೀಟಿನ ಪಕ್ಕದಲ್ಲಿ ನೇತುಹಾಕಿದ ಕೆಂಪು ದಾರದ ಬಾಟ್ಲಿಗೆ ಸಿಕ್ಕಿಸಿದ.

"ಅಮೀನಬಿ, ಈ ಬಾಟ್ಲಿ ಇಷ್ಟ್ ಹೊಳೀತಿದ್ದುವೇನ?"

"ಹೊತ್ತಾತು, ಜಲ್ದಿ ಹೊಂಡ್ರಿ" ಎಂದು ಹೆಂಡತಿ ಅವಸರದಿಂದ ಒಳಗೆ ಹೋದಳು.

ಸ್ಟ್ಯಾಂಡಿನಲ್ಲಿ ಒಂಬತ್ತು ಮಂದಿ ಹತ್ತಿದರು. ಅವರಲ್ಲಿ ಎಲ್ಲರೂ ಚಿಕ್ಕಮ್ಮನೆಂದು ಖಾಲಾ ಎನ್ನುವ ಮೋತಿಬಿಯ ಜೊತೆ ಮೂರು ಮೆಣಸಿನಕಾಯಿ ಚೀಲ, ಹಳೆಯ ಲಾರಿ ಡ್ರೈವರ್ ಮಹಬೂಬಸಾಬನ ಜೊತೆ ಮೂರು ಚೀಲಕ್ಕಾಗುವಷ್ಟು ಬುದ್ಧಿಮಾತು. ಸರಿಯಾಗಿ ಒಂಬತ್ತನೇ ಕಿಲೋಮೀಟರಿಗೆ ಗಾಡಿ ಕೆಮ್ಮಿ ನಿಂತಿತು.

"ಯಾಕೋ ನಿಂತಿ?" ಎಂದಳು ಮೋತಿಬಿ.

"ಡೀಸೆಲ್ ತೀರೇತಿ, ಖಾಲಾ."

"ಹಾಕಿಸ್ಕೊಂಡು ಬರಬಾರದಿತ್ತನ?"

"ಟಾಕಿ ತುಂಬ ಐತಿ."

"ಟಾಕಿ ತುಂಬ ಇಟ್ಕೊಂಡು ತೀರೇತಿ ಅಂತೀಯಲ್ಲೋ, ನಿನ್ನ ತಲಿ ನೆಟ್ಟಗೈತಿಲ್ಲೋ?"

ಡೀಸೆಲ್ ಪೂರ್ತಿ ತೀರಿದರೆ ಪೈಪಿನಲ್ಲಿ ಗಾಳಿ ಹಿಡಿಯುತ್ತದೆ. ಆ ಗಾಳಿ ತೆಗೆಯುವವರೆಗೆ ಇಂಜಿನ್ ಯಾರ ಮಾತೂ ಕೇಳುವುದಿಲ್ಲ. ಗುಡುಸಾಬ ಹಸಿರು ದಾರದ ಬಾಟ್ಲಿ ಸಿಕ್ಕಿಸಿ, ನೆಲಕ್ಕೆ ಕೂತು ನಟ್ಟು ತಿರುಗಿಸತೊಡಗಿದ. ಮಹಬೂಬಸಾಬ ಖಾಲಿ ಬಾಟ್ಲಿ ಮೂಸಿ, "ನಾ ಹೇಳಿದ್ನಿಲ್ಲ? ನಮ್ಮೂರಿಂದು ಬರೇ ನೀರು. ಶಿರಹಟ್ಟಿದು ಗಟ್ಟಿ ಮಾಲು, ನೋಡ್ತಿರು ಈಗ" ಎಂದ. ಅರ್ಧ ತಾಸು ಕಾದು ಬೇಸತ್ತ ಐದು ಮಂದಿ ಹಿಂದೆ ಬಂದ ಬಸ್ಸಿಗೆ ಕೈಮಾಡಿ ಹತ್ತಿಹೋದರು.

ಹಸಿರು ಹನ್ನೆರಡು ಕಿಲೋಮೀಟರ್ ಓಡಿತು. "ನೋಡಿದ್ಯಾ!" ಎಂದು ಮಹಬೂಬಸಾಬ ಡೀಸೆಲ್ ತಾನೇ ಕುದಿಸಿ ಇಳಿಸಿದವನಂತೆ ಬೀಗುವಷ್ಟರಲ್ಲಿ ಗಾಡಿ ಮತ್ತೆ ನಿಂತಿತು. ಮತ್ತೆ ಗಾಳಿ, ಮತ್ತೆ ನಟ್ಟು. ಈ ಸಲ ಮೋತಿಬಿ ತಡೆಯಲಿಲ್ಲ. ಹಿಂದಿನಿಂದ ಬಂದ ಗದಗಿನ ಲಾರಿ ನಿಲ್ಲಿಸಿ ಚೀಲಗಳನ್ನು ಏರಿಸಿದಳು.

"ಖಾಲಾ, ಬಾಡಿಗಿ?"

"ಪರೀಕ್ಷಾ ಬರಿಯಾಂವ ನೀನು. ಫೀ ನಾ ಯಾಕ ಕಟ್ಲಿ?"

ಉಳಿದಿದ್ದವರೂ ಅವಳ ಹಿಂದೆಯೇ ಹತ್ತಿದರು. ಮಹಬೂಬಸಾಬ ಕೂಡ, ಬುದ್ಧಿಮಾತು ಅರ್ಧಕ್ಕೇ ನಿಲ್ಲಿಸಿ.

ಗುಡುಸಾಬ ಒಬ್ಬನೇ ಹಳದಿ ದಾರದ ಬಾಟ್ಲಿ ಸಿಕ್ಕಿಸಿ ಹೊರಟ. ಅಬ್ಬಾ, ಏನು ಓಟ! ಹದಿಮೂರು ದಾಟಿತು, ಹದಿನೈದು ದಾಟಿತು, ಮಲ್ಲಸಮುದ್ರವೂ ಹಿಂದೆ ಬಿತ್ತು. ಹದಿನೇಳನೇ ಕಿಲೋಮೀಟರಿಗೆ ಗದಗಿನ ಅಂಚಿನಲ್ಲಿ ಗಾಡಿ ನಿಂತಾಗ ಗುಡುಸಾಬನ ಕಣ್ಣು ತುಂಬಿ ಬಂತು. ಹಳದಿ ದಾರವನ್ನು ಕಣ್ಣಿಗೊತ್ತಿಕೊಂಡು, ಟಾಕಿಯ ಪೈಪು ಜೋಡಿಸಿ ಬೆಟಗೇರಿಗೆ ನಡೆಸಿದ.

ಐದಕ್ಕೆ ಹತ್ತು ನಿಮಿಷವಿತ್ತು. ನಾರಾಯಣಪ್ಪನ ಕಟ್ಟೆಯ ಮೇಲೆ ಕಳಕಪ್ಪನೂ ಕೂತಿದ್ದ.

"ನಾಕನೂರಾ ಐವತ್ತು" ಎಂದ ಗುಡುಸಾಬ, ಎದೆ ಮುಂದೆ ಮಾಡಿ.

"ಲೇ, ಮೈಮ್ಯಾಲ ಖಬರೈತೇನ?" ಕಳಕಪ್ಪ ಹೌಹಾರಿದ. "ಗಂಟು ಹೇರಿದ್ರ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಟ್ರ ಭಾಳಾತು."

"ನಂದು ಮೂವತ್ನಾಕು ಕೊಡತೈತಿ. ಮುಂಡರಗಿ ಡೀಸೆಲ್!"

ನಾರಾಯಣಪ್ಪ ಕೈಗೆ ಕೈ ಹಾಕಿ ಮಾತು ಮುಗಿಸಿದ. ಚಹಾ ತರಿಸಿದ. "ಹಂಗಾರ ಇವತ್ತ ಶುರು ಮಾಡಿಬಿಡು" ಎಂದು ಗಂಟು ತರಿಸಿ ಗಾಡಿಗೆ ಹೇರಿಸತೊಡಗಿದ. ಗುಡುಸಾಬ ಖುಷಿ ತಡೆಯಲಾರದೆ ಮೊಬೈಲ್ ತೆಗೆದ.

"ಅಮೀನಬಿ, ಕೆಲಸ ಸಿಕ್ತು! ಎಲ್ಲ ಮುಂಡರಗಿ ಡೀಸೆಲ್ ಪುಣ್ಯಾ!"

"ಯಾವ ಮುಂಡರಗಿದ್ರಿ?"

"ಹಳದಿ ದಾರದ್ದು."

"ರೀ, ಬೈಬ್ಯಾಡ್ರಿ. ನಿನ್ನಿ ಶಿಗ್ಲಿ ಬೀಬಿಜಾನ ಬಂದು ಮೊಹರಮ್ಮಿನ ಶರಬತ್ತಿಗೆ ಬಾಟ್ಲಿ ಕೊಡು ಅಂದ್ಲು. ಮೂರನ್ನೂ ಒಂದ ಬಕೆಟ್ಟಿಗೆ ಸುರುವಿ, ಬೂದಿ ಹಚ್ಚಿ ತೊಳದೆ. ವಾಸನಿ ಹೋಗಿಲ್ಲಂತ ಆಕಿ ಬಿಟ್ಟು ಹೋದ್ಲು. ಮತ್ತ ಆ ಬಕೆಟ್ಟಿಂದನ ತುಂಬಿಟ್ಟೆ."

"ಮತ್ತ ದಾರ?"

"ಕೈಗೆ ಸಿಕ್ಕಂಗ ಕಟ್ಟೀನ್ರಿ."

ಒಂದೇ ಬಕೆಟ್ಟಿನ ಡೀಸೆಲ್ಲು! ಒಂಬತ್ತು ಮಂದಿ, ಮೂರು ಚೀಲ ಹೇರಿದಾಗ ಒಂಬತ್ತು ಕಿಲೋಮೀಟರ್. ಐದು ಮಂದಿ ಇಳಿದಾಗ ಹನ್ನೆರಡು. ಗಾಡಿ ಖಾಲಿಯಾದಾಗ ಹದಿನೇಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಹಿಂದೆ ಕಳಕಪ್ಪ ಹಲ್ಲುಕಿಸಿದು ತಾನೇ ಕೈಯಾರೆ ಹದಿನಾಲ್ಕನೇ ಗಂಟು ಎತ್ತಿ ಹಾಕಿದ. ಟಂಟಂ ಕುಸಿದು ಕೂತಿತು.

ಗುಡುಸಾಬ ಅದನ್ನು ನೋಡಲೇ ಇಲ್ಲ. ಅವನ ಮುಖ ಬೆಳಗತೊಡಗಿತ್ತು.

"ಅಂದ್ರ, ಮೂರೂ ಊರಿಂದು ಕೂಡಿದ್ದಕ್ಕ ಹದಿನೇಳು ಓಡಿತು ಅನ್ನು! ಇದು ಯಾರಿಗೂ ಗೊತ್ತಿಲ್ಲ, ಅಮೀನಬಿ. ಇನ್ನ ಮ್ಯಾಲ ಮೂರೂ ಕಡಿಂದ ತಂದು ಕೂಡಿಸಿ ಹಾಕೂದು."

"ಮತ್ತ ಕೆಂಪು ದಾರದ್ದು ಎಷ್ಟ್ ಓಡಿತ್ರಿ?"

"ಒಂಬತ್ತು. ಅದನ್ನ ನೀ ಛಂದಂಗ ಕಲಸಿಲ್ಲ" ಎಂದ ಗುಡುಸಾಬ. "ಇರ್ಲಿ ಬಿಡು. ಆ ಬಕೆಟ್ ಮಾತ್ರ ತೊಳೀಬ್ಯಾಡ!"